ಹತ್ತು ದಾಟದ ಗೆರೆ

"ಪೆನ್‌ಡ್ರೈವ್ ಕೆಳಗಿಡಿ! ಇಲ್ಲಾಂದ್ರೆ ಕೈ ಪುಡಿ ಮಾಡ್ತೀನಿ!"

ಧಡ್!

ಸ್ಪ್ಯಾನರ್ ಮೇಜಿಗೆ ಬಿತ್ತು. ನನ್ನ ಕೈಯಿಂದ ಎರಡೇ ಇಂಚು ದೂರ. ಕೀಬೋರ್ಡಿನ ನಾಲ್ಕು ಕೀಗಳು ಹಾರಿ ನೆಲಕ್ಕುರುಳಿದವು.

ಬೆಳಿಗ್ಗೆ ಒಂಬತ್ತು ನಲವತ್ತು. ಫ್ಯಾಕ್ಟರಿಯ ಕಂಟ್ರೋಲ್ ರೂಮು. ಕಿಟಕಿಯ ಗಾಜು ಹದಿನೆಂಟು ದಿನದ ಹಿಂದೆಯೇ ಉದುರಿತ್ತು... ಬಾಯ್ಲರ್ ಸಿಡಿದ ದಿನ. ಮೂವರು ಸತ್ತಿದ್ದರು. ಗೇಟಿಗೆ ಸೀಲ್ ಬಿದ್ದಿತ್ತು. ಬಾಯ್ಲರ್ ರಿಪೋರ್ಟಿನ ಫೈಲು ಎತ್ತೋಕೆ ನಾನು ಒಳಗೆ ಬಂದದ್ದು ಗೋಡೆ ಹಾರಿ. ನಲವತ್ತೆಂಟನೇ ವಯಸ್ಸಿನಲ್ಲಿ, ಸವೆದ ಮಂಡಿ ಇಟ್ಟುಕೊಂಡು!

"ಯಾರಪ್ಪ ನೀನು?"

"ಅದೆಲ್ಲಾ ನಿಮಗ್ಯಾಕೆ? ಅದನ್ನ ಇಲ್ಲೇ ಬಿಟ್ಟು ಹೋಗಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಕಳೆದ ಕಾಗದ, ಬಚ್ಚಿಟ್ಟ ಫೈಲು ಹುಡುಕಿಕೊಡೋದು ಇಪ್ಪತ್ತು ವರ್ಷದಿಂದ ನನ್ನ ಕಸುಬು. ಬೆದರಿಸಿದವರಿಗೆ ಲೆಕ್ಕವಿಲ್ಲ. ಆದರೆ ಬಹುವಚನದಲ್ಲಿ ಬೆದರಿಸೋ ರೌಡಿಯನ್ನ ನೋಡಿದ್ದು ಅದೇ ಮೊದಲು! ಫ್ಯಾಕ್ಟರಿ ಮ್ಯಾನೇಜರ್ ಈ ನಮೂನೆಯನ್ನ ಎಲ್ಲಿಂದ ಹಿಡಿದು ತಂದನೋ!

ಮೇಜಿನ ಮೇಲೆ ಧೂಳು ಮೆತ್ತಿದ ರಿಜಿಸ್ಟರ್ ಇತ್ತು. ಎತ್ತಿ ಅವನ ಮುಖಕ್ಕೆ ಕೊಡವಿದೆ. ಅವನು ಕೆಮ್ಮಿದ. ನಾನು ಓಡಿದೆ.

ಕಬ್ಬಿಣದ ಮೆಟ್ಟಿಲು. ಹಿಂದಿನ ಗೋಡೆ. ಟೈರ್ ರಿಪೇರಿಯವರ ಬೀದಿ. ಹೊರಡುತ್ತಿದ್ದ ಬಸ್ಸಿಗೆ ಜೋತುಬಿದ್ದೆ. ಹಿಂದಿನಿಂದ ಬೈಕಿನ ಸದ್ದು...

"ಮೇಡಂ! ನಿಲ್ಲಿ ಮೇಡಂ!"

ನಿಲ್ಲೋಕೆ ನನಗೇನು ಹುಚ್ಚೇ? ಸಿಗ್ನಲ್ ಬಿದ್ದಾಗ ಬಸ್ಸಿನ ಎಡಗಡೆ ಇಳಿದು ಗಲ್ಲಿಗೆ ನುಗ್ಗಿದೆ. ಸ್ಪ್ಯಾನರ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ. ಹೆಸರು ಗೊತ್ತಿಲ್ಲದ್ದಕ್ಕೆ ಹಾಗೇ ಕರೆದುಕೊಂಡೆ. ನನ್ನ ಫೋನು ಬೆಳಿಗ್ಗೆಯಿಂದಲೇ ಆಫ್. ಆನ್ ಇಟ್ಟರೆ ಬೆನ್ನಟ್ಟುವವರಿಗೆ ದಾರಿ ತೋರಿಸಿದ ಹಾಗೆ.

ಹನ್ನೊಂದಕ್ಕೆ ವಿಚಾರಣೆ. ಆಪಾದನೆ ನನ್ನ ತಮ್ಮನ ಮೇಲೆ... ಒಡಹುಟ್ಟಿದ ತಮ್ಮ. ಬಾಯ್ಲರ್ ಆಪರೇಟರ್. ಕಂಪನಿಯ ಮಾತು ಸಲೀಸಾಗಿತ್ತು. ಪ್ರೆಷರಿನ ಮಿತಿ ಹತ್ತು, ಯಾವತ್ತೂ ಅದು ಹತ್ತು ದಾಟಿರಲಿಲ್ಲ, ಆ ಒಂದು ಗಂಟೆಯಲ್ಲಿ ಏಕಾಏಕಿ ಏರಿತು, ಆಪರೇಟರ್ ತೂಕಡಿಸುತ್ತಿದ್ದ. ಸಾಕ್ಷಿಗೆ ಒಂದು ಚಾರ್ಟಿನ ಪ್ರಿಂಟು. ಕೆಲಸ ಹೋಗೋದು ಖಾಯಂ. ಹೋಗುವಾಗ ಮೂರು ಸಾವು ಅವನ ಹೆಸರಿಗೆ.

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!

ತಮ್ಮ ಹದಿನೆಂಟು ದಿನ ಗೋಡೆ ನೋಡುತ್ತಾ ಕೂತಿದ್ದ. ಅನ್ನದ ತಟ್ಟೆ ಹಾಗೇ ವಾಪಸ್ ಬರುತ್ತಿತ್ತು. ಕೇಳಿದ್ದಕ್ಕೆಲ್ಲ ಒಂದೇ ಮಾತು: "ಬಿಟ್ಟುಬಿಡು ಅಕ್ಕಾ... ಕೆಲಸ ತಾನೇ, ಹೋಗಲಿ."

ನಾನು ಬಿಡ್ತೀನಾ?

ಹತ್ತು ಹತ್ತಕ್ಕೆ ಜೆರಾಕ್ಸ್ ಅಂಗಡಿಗೆ ನುಗ್ಗಿ ಶಟರ್ ಅರ್ಧ ಎಳೆದೆ.

"ಏನೇ ಇದು, ಮೈಯೆಲ್ಲಾ ಧೂಳು?" ಅಂದಳು ಅಂಗಡಿಯವಳು. ಹಳೇ ಗೆಳತಿ.

"ಆಮೇಲೆ ಹೇಳ್ತೀನಿ. ಕಂಪ್ಯೂಟರ್ ಬಿಡು!"

ಪೆನ್‌ಡ್ರೈವಿನ ಫೈಲು ತೆರೆಯಿತು. ಅದೇ ಚಾರ್ಟು. ಗೆರೆ ತೆಪ್ಪಗೆ ಮಲಗಿತ್ತು. ಕೆಳಗೆ ಡೇಟಾ ಟೇಬಲ್... 10, 10, 10. ಎಡಗಡೆಯ ಅಕ್ಷದಲ್ಲಿ ಮಾತ್ರ ಒಂದೂ ಅಂಕಿ ಇಲ್ಲ. ಬೋಳು!

"ಅಕ್ಷಕ್ಕೆ ಲೇಬಲ್ಲೇ ಇಲ್ವಲ್ಲೇ," ಅಂದಳು ಗೆಳತಿ.

"ಇಲ್ಲ ಅಲ್ಲ. ತೆಗೆದಿದ್ದಾರೆ."

ಅಕ್ಷದ ಮೇಲೆ ಕ್ಲಿಕ್ ಮಾಡಿದೆ. ಮೇಲಿನ ಮಿತಿಯನ್ನ ನೂರಕ್ಕೆ ಎಳೆದಿದ್ದರು. ನೂರರ ಎದುರು ಹದಿಮೂರೂ ಒಂದೇ, ಹತ್ತೂ ಒಂದೇ. ಗೆರೆ ಮಲಗದೆ ಇನ್ನೇನು ಮಾಡುತ್ತೆ? ಮಿತಿಯನ್ನ ಆಟೋಮ್ಯಾಟಿಕ್‌ಗೆ ಬಿಟ್ಟೆ.

ಗೆರೆ ಎದ್ದು ಕೂತಿತು! ಹನ್ನೆರಡು ದಿನ ಏರುತ್ತಲೇ ಹೋಗಿತ್ತು.

ಆಮೇಲೆ ಲೇಬಲ್ ಆನ್ ಮಾಡಿದೆ. ಕೆಳಗಿನಿಂದ ಓದಿಕೊಂಡು ಹೋದೆ. ಎರಡು, ನಾಲ್ಕು, ಆರು, ಎಂಟು, ಹತ್ತು...

ಹತ್ತು.

ಹತ್ತು.

"ಅಯ್ಯೋ! ಎಲ್ಲಾ ಹತ್ತೇ?" ಗೆಳತಿ ಕನ್ನಡಕ ಒರೆಸಿಕೊಂಡಳು. "ಕಂಪ್ಯೂಟರ್ ಕೆಟ್ಟಿದ್ಯಾ?"

"ಕಂಪ್ಯೂಟರ್ ನೆಟ್ಟಗಿದೆ. ಕೆಟ್ಟಿರೋದು ಮನುಷ್ಯ."

ಸೆಲ್‌ಗಳ ನಂಬರ್ ಫಾರ್ಮ್ಯಾಟ್ ನೋಡಿದೆ. ಅಲ್ಲಿತ್ತು ಕೈಚಳಕ. ಹತ್ತಕ್ಕಿಂತ ಜಾಸ್ತಿ ಏನೇ ಬಂದರೂ ‘10’ ಅಂತ ತೋರಿಸು! ಟೇಬಲ್ಲೂ ಅದೇ ಓದಿತ್ತು, ಅಕ್ಷವೂ ಅದೇ ಓದಿತ್ತು. ಒಳಗಿನ ಅಂಕಿಯನ್ನ ಯಾರೂ ಮುಟ್ಟಿರಲಿಲ್ಲ. ಮೇಲೊಂದು ಮುಸುಕು ಅಷ್ಟೆ.

ಫಾರ್ಮ್ಯಾಟ್ ಕಿತ್ತು ಹಾಕಿದೆ. 11.2... 12.8... 13.4!

ಒಂದು ಗಂಟೆಯ ಕತೆ ಸುಳ್ಳು. ಹನ್ನೆರಡು ದಿನ ಬಾಯ್ಲರ್ ಬಾಯಿ ಬಡಿದುಕೊಂಡಿತ್ತು. ದಿನಾ ಬೆಳಿಗ್ಗೆ ರಿಪೋರ್ಟ್ ಹೋಗುತ್ತಿದ್ದದ್ದು ಮ್ಯಾನೇಜರ್‌ಗೆ. ಮುಚ್ಚಿಟ್ಟವನು ಅವನಲ್ಲದೆ ಇನ್ಯಾರು?

ಕೆಳಗಿನ ತಾರೀಖುಗಳು ಮೂರು ದಿನಕ್ಕೊಂದು ಕಾಣುತ್ತಿದ್ದವು. ಒಂದೂ ಬಿಡದ ಹಾಗೆ ಮಾಡಿದೆ. ಒತ್ತೊತ್ತಾದವು, ನೆಟ್ಟಗೆ ನಿಲ್ಲಿಸಿದೆ. ಟೇಬಲ್ಲಿನ ಅಕ್ಷರ ದಪ್ಪ ಮಾಡಿದೆ. ಕುರುಡನಿಗೂ ಕಾಣಬೇಕು ಅಂತ!

ವಿಚಾರಣೆಯ ಕಟ್ಟಡ ಮುಟ್ಟಿದಾಗ ಹನ್ನೊಂದಕ್ಕೆ ಮೂರು ನಿಮಿಷ. ಮೆಟ್ಟಿಲ ಮೇಲೆ ಸ್ಪ್ಯಾನರ್! ಕೈ ಖಾಲಿ. ದಾರಿಗೆ ಅಡ್ಡ ನಿಂತ.

"ಒಳಗೆ ಕೊಡಬೇಡಿ... ಕಾಲಿಗೆ ಬೀಳ್ತೀನಿ..."

"ಬಿದ್ರೆ ದಾಟಿಕೊಂಡು ಹೋಗ್ತೀನಿ."

ತಳ್ಳಿ ಒಳಗೆ ಹೋದೆ.

ಉದ್ದ ಮೇಜು. ವಿಚಾರಣಾಧಿಕಾರಿ. ಇಸ್ತ್ರಿ ಶರ್ಟಿನ ಮ್ಯಾನೇಜರ್. ಕೊನೆಯ ಕುರ್ಚಿಯಲ್ಲಿ ನನ್ನ ತಮ್ಮ. ಪ್ರಿಂಟನ್ನ ಅಧಿಕಾರಿಯ ಮುಂದಿಟ್ಟು ಎಲ್ಲಾ ಹೇಳಿದೆ. ಅವರು ಬೆರಳಿಟ್ಟು ಒಂದೊಂದೇ ಅಂಕಿ ಓದಿದರು. ಮ್ಯಾನೇಜರ್ ಬೆವರಲಿಲ್ಲ. ಆಗಲೇ ನನಗೆ ಅರ್ಥವಾಗಬೇಕಿತ್ತು.

"ನನಗೆ ದಿನಾ ಬಂದಿದ್ದು ಹಳೇ ಚಾರ್ಟು ಸಾರ್. ಹತ್ತು ಅಂತಿತ್ತು. ನಂಬಿದೆ," ಅಂದ. "ಶೀಟ್ ಯಾರದು ಅಂತ ಕೇಳಿ."

"ಯಾರದು?" ಅಂದರು ಅಧಿಕಾರಿ.

"ನಂದೇ ಸಾರ್," ಅಂದ ತಮ್ಮ.

ಅಧಿಕಾರಿ ಪ್ರಿಂಟಿನಿಂದ ತಲೆ ಎತ್ತಿದರು.

"ಈ ಫಾರ್ಮ್ಯಾಟ್?"

"ನಾನೇ ಹಾಕಿದ್ದು. ಮ್ಯಾನೇಜರ್ ಸಾರ್ ಹೇಳಿದ್ರು... ಹತ್ತು ದಾಟಿದ ಅಂಕಿ ನನ್ನ ಕಣ್ಣಿಗೆ ಬೀಳಬಾರದು, ಬಿದ್ರೆ ನೀನಿರಲ್ಲ ಅಂತ."

"ನಾನಾ? ಎಲ್ಲಿದೆ ಬರಹದಲ್ಲಿ?" ಅಂದ ಮ್ಯಾನೇಜರ್.

ಎಲ್ಲೂ ಇರಲಿಲ್ಲ. ಬಾಯಿಮಾತು.

ತಮ್ಮ ನನ್ನ ಕಡೆ ತಿರುಗಿದ. "ಸುಳ್ಳು ಅಂಕಿ ಬರೆಯೋಕೆ ಕೈ ಬರಲಿಲ್ಲ ಅಕ್ಕಾ. ನಿಜಾನೇ ಬರೆದೆ. ಕಾಣಿಸದ ಹಾಗೆ ಮಾಡಿದೆ, ಅಷ್ಟೆ."

ಅಷ್ಟೆಯಂತೆ! ಸುಳ್ಳು ಬರೆದಿದ್ದರೆ ಯಾರಿಗೂ ಸಿಗುತ್ತಿರಲಿಲ್ಲ. ಪ್ರಾಮಾಣಿಕ ಮುಂಡೇದು, ತನ್ನ ಕುಣಿಕೆಯನ್ನ ತಾನೇ ನೀಟಾಗಿ ಸೇವ್ ಮಾಡಿಟ್ಟಿತ್ತು.

"ಅವನು...?" ಬಾಗಿಲಲ್ಲಿ ನಿಂತ ಸ್ಪ್ಯಾನರ್ ಕಡೆ ಕೈ ತೋರಿಸಿದೆ.

"ನಮ್ಮ ಫಿಟ್ಟರ್. ನೀನು ಅಲ್ಲಿಗೇ ಹೋಗ್ತೀಯ ಅಂತ ಗೊತ್ತಿತ್ತು, ತಡೀಲಿ ಅಂತ ನಾನೇ ಕಳಿಸಿದ್ದೆ. ನಿನ್ನ ಫೋನ್ ಹತ್ತಲಿಲ್ಲ."

"ಮೊದಲೇ ಹೇಳೋಕೇನಾಗಿತ್ತೋ ನಿನಗೆ!"

"ಮೂರು ಜನ ಸತ್ತಿದ್ದಾರೆ ಅಕ್ಕಾ. ಹೆಂಗೆ ಹೇಳಲಿ ನಿನ್ನ ಮುಖ ನೋಡಿ?"

ತೂಕಡಿಸಿದ್ದಕ್ಕೆ ಕೆಲಸ ಹೋಗುತ್ತೆ. ಬೇಕಂತಲೇ ಮುಚ್ಚಿಟ್ಟಿದ್ದಕ್ಕೆ ಜೈಲು. ಕೋಲು ಕೊಟ್ಟು ಹೊಡೆಸಿಕೊಳ್ಳೋದು ಅಂದ್ರೆ ಇದೇ. ಪೆಟ್ಟು ಮಾತ್ರ ತಮ್ಮನಿಗೆ.

ಮೇಜಿನ ಮೇಲಿಂದ ಕಾಗದ ಎಳೆದುಕೊಳ್ಳೋಕೆ ಹೋದೆ. ಅಧಿಕಾರಿ ಅದರ ಮೇಲೆ ಅಂಗೈ ಊರಿದರು. ಕೆಟ್ಟ ಮನುಷ್ಯ ಅಲ್ಲ. ದನಿಯಲ್ಲಿ ಮರುಕ ಇತ್ತು.

"ಟೇಬಲ್ ಸ್ಪಷ್ಟವಾಗಿ ಬಂದಿದೆ ಮೇಡಂ. ಇನ್ನೆರಡು ಕಾಪಿ ಬೇಕಾಗುತ್ತೆ. ಪೊಲೀಸರಿಗೊಂದು, ಕೋರ್ಟಿಗೊಂದು."

ಫಿಟ್ಟರ್ ಬಾಗಿಲಲ್ಲಿ ಕುಸಿದು ಕೂತ. ತಮ್ಮ ಗೋಡೆ ನೋಡುತ್ತಿದ್ದ. ಮ್ಯಾನೇಜರ್ ನನ್ನ ಮುಂದೊಂದು ಪೆನ್ನು ಚಾಚಿದ... ಪ್ರಿಂಟಿನ ಕೆಳಗೆ ತಂದವರ ಸಹಿ ಬೇಕಂತೆ.

ಹಾಕಿದೆ.

"ಕಾಪಿ ಕಲರ್‌ನಲ್ಲಿ ಬೇಕಾ ಸಾರ್, ಬ್ಲ್ಯಾಕ್ ಅಂಡ್ ವೈಟ್ ಸಾಕಾ?" ಅಂದೆ.