ಮೇಲಿನ ಕೋಣೆಯ ಹಾಸಿಗೆ

ಕ್ಯಾಮೆರಾ ಇರಲಿಲ್ಲ!

ಹಕ್ಕಿಗಳ ಚಿತ್ರ ತೆಗೆಯುವ ಅತಿಥಿ ಹಾಸಿಗೆಯನ್ನು ಎತ್ತಿ ಹಿಡಿದು ನಿಂತೇ ಇದ್ದ. ಬೆಳಿಗ್ಗೆ ಅದರಡಿಯಲ್ಲಿ ಬಚ್ಚಿಟ್ಟು, ಬಾಗಿಲಿಗೆ ಬೀಗ ಜಡಿದು ಹೋದವನು ಈಗಷ್ಟೇ ಮರಳಿದ್ದ. ಬೀಗ ಮಾತ್ರ ಹಾಕಿದ ಹಾಗೆಯೇ ಇತ್ತು.

"ಎದುರಿಗೇ ದೊಡ್ಡ ಹೋಟೆಲಿದೆ. ಲಿಫ್ಟು, ಎ.ಸಿ., ರೂಮಿನಲ್ಲೇ ಲಾಕರು. ಅದನ್ನ ಬಿಟ್ಟು, ಮನೆಯಂಥ ಜಾಗ ಬೇಕು ಅಂತ ಇಲ್ಲಿಗೆ ಬಂದೆ ನೋಡಿ," ಎಂದು ಮೆಟ್ಟಿಲ ಕಡೆಗೆ ಕೂಗಿದ. "ಸಂಜೆಯೊಳಗೆ ಸಿಗದಿದ್ರೆ ಪೊಲೀಸಿಗೆ ಹೇಳ್ತೀನಿ. ನೆಟ್‌ನಲ್ಲೂ ಬರೀತೀನಿ."

ಕೆಳಗೆ, ಮೆಟ್ಟಿಲ ಮೇಲೆ ಕೂತಿದ್ದ ಅಕ್ಕನ ಮುಖ ಬಿಳಿಚಿತು. ಈ ಹಳೆಯ ವಸತಿಗೃಹದ ಒಡತಿ ಆಕೆ, ಬಂದವರಿಗೆಲ್ಲ ಅಕ್ಕ. ಎದುರಿನ ಹೋಟೆಲು ತಲೆಯೆತ್ತಿದ ಮೇಲೆ ಗಿರಾಕಿಗಳು ಬೆರಳೆಣಿಕೆಗೆ ಇಳಿದಿದ್ದರು. ಕಳ್ಳರ ಮನೆ ಎಂದು ಒಬ್ಬ ಬರೆದರೂ ಸಾಕು, ಬಾಗಿಲು ಮುಚ್ಚಿದಂತೆಯೇ.

"ತಮ್ಮಾ, ನೀನೇ ನೋಡಪ್ಪ," ಎಂದಳು.

ತಮ್ಮ ಎಂದರೆ ನಿವೃತ್ತ ಇನ್ಸ್‌ಪೆಕ್ಟರು. ವರ್ಷಕ್ಕೊಮ್ಮೆ ಗಿರಾಕಿಯಾಗಿ ಬಂದು ಮೇಲಂತಸ್ತಿನಲ್ಲೇ ಇಳಿಯುವವರು. ಸರ್ಕಾರಿ ಖರ್ಚಿನಲ್ಲಿ ದೊಡ್ಡ ಹೋಟೆಲುಗಳಲ್ಲಿ ಬೇಕಾದಷ್ಟು ಮಲಗಿದ್ದರು. ಯಾವ ಊರಿಗೆ ಹೋದರೂ ಅದೇ ಪರದೆ, ಅದೇ ಗೋಡೆ. ಬೆಳಿಗ್ಗೆ ಎದ್ದರೆ ಯಾವ ಊರಲ್ಲಿದ್ದೇನೆ ಎಂದು ತಲೆ ಕೆರೆದುಕೊಳ್ಳಬೇಕು. ಅಂಥ ಕಡೆ ಅವರಿಗೆ ನಿದ್ದೆ ಬಂದರೂ ನೆಮ್ಮದಿ ಬರುತ್ತಿರಲಿಲ್ಲ.

ಅವರು ಮೇಲೆ ಹೋಗಿ ಹಾಸಿಗೆಯನ್ನು ಸುತ್ತು ಹಾಕಿ ನೋಡಿದರು. ಅತಿಥಿ ಎತ್ತಿದ್ದು ತಲೆಯ ಕಡೆ ಮಾತ್ರ. ಕಾಲಿನ ಕಡೆ ಬಗ್ಗಿ ತಡವಿದರು. ಇಳಿದು ಬಂದರು.

"ಇವತ್ತು ಮೇಲೆ ಹೋದವರು ಯಾರ‍್ಯಾರು?"

"ಅಗಸ ಒಗೆದ ಬಟ್ಟೆ ಇಡೋಕೆ ಹೋಗಿದ್ದ. ಎದುರಿನ ಹೋಟೆಲಿನ ಮ್ಯಾನೇಜರು ಮನೆ ಕೊಂಡ್ಕೋತೀವಿ ಅಂತ ಮತ್ತೆ ಬಂದಿದ್ರು, ತಾರಸಿ ನೋಡಿ ಬರ‍್ತೀನಿ ಅಂತ ಹೋದ್ರು. ಮಗಳಿಗೆ ಇವತ್ತು ಬಟ್ಟೆ ಅಂಗಡಿ ಕೆಲಸಕ್ಕೆ ರಜೆ, ಮನೇಲೇ ಇದ್ಳು."

ಕೋಣೆಗಳ ಎರಡನೇ ಕೀಲಿಗಳು ಗೋಡೆಯ ಮೊಳೆಗೇ ತೂಗುತ್ತಿದ್ದವು. ಯಾರು ಬೇಕಾದರೂ ತೆಗೆಯಬಹುದಿತ್ತು.

"ಹಾಸಿಗೆ ಹಾಸಿದ್ದು?"

"ನಾನೇ, ಬೆಳಿಗ್ಗೆ ಅವರು ಹೊರಡೋಕೆ ಮುಂಚೆ. ನಾನಲ್ದೆ ಇನ್ಯಾರು?"

ಮ್ಯಾನೇಜರು ಕರೆದ ತಕ್ಷಣ ಬಂದ.

"ತಾರಸಿಯಲ್ಲಿ ಏನು ನೋಡಿದಿರಿ?"

"ಬಿರುಕು. ಕೆಡವಿ ಕಟ್ಟೋದೇ ಸರಿ."

"ನಿಮಗೆ ಹಾಸಿಗೆ ಹಾಸೋಕೆ ಬರುತ್ತಾ?"

"ಮನೇಲಿ ಹೆಂಡ್ತಿ, ಹೋಟೆಲಲ್ಲಿ ಕೆಲಸದವರು," ಎಂದು ಅವನು ನಕ್ಕ. "ಯಾಕೆ ಸಾರ್?"

"ಸುಮ್ನೆ."

ಅಗಸನನ್ನೂ ಅದನ್ನೇ ಕೇಳಿದರು. "ಒಗೆಯೋದು ಕೇಳಿ ಸ್ವಾಮಿ. ಹಾಸೋದು ನಮ್ಮ ಹಣೇಲಿ ಬರೆದಿಲ್ಲ. ಚಾಪೆ ಮೇಲೆ ಮಲಗೋರು ನಾವು," ಎಂದ.

ಇನ್ಸ್‌ಪೆಕ್ಟರು ಇಬ್ಬರನ್ನೂ ಕಳಿಸಿ, ಅಕ್ಕನನ್ನೂ ಮಗಳನ್ನೂ ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಅಕ್ಕ ಹಾಸುಬಟ್ಟೆಯ ನಾಲ್ಕು ಮೂಲೆಗೂ ಹಾಸಿಗೆಯಡಿ ಗಂಟು ಹಾಕ್ತಾಳೆ. ನನ್ನ ಹಾಸಿಗೆಗೂ ಅದೇ ಗಂಟು. ಆದರೆ ಆ ಕೋಣೆಯಲ್ಲಿ ಗಂಟು ಬಿಚ್ಚಿದೆ. ಮೂಲೆಗಳನ್ನ ಲಕೋಟೆ ಥರ ಬಿಗಿಯಾಗಿ ಮಡಚಿ ಒಳಗೆ ಸೇರಿಸಿದ್ದಾರೆ. ಕದ್ದವರು ಗಡಿಬಿಡಿಯಲ್ಲಿದ್ರು. ಕೈ ತನಗೆ ರೂಢಿಯಾದದ್ದನ್ನೇ ಮಾಡಿತು. ಹೊದಿಕೆಗೂ ಹಾಕೋ ಅಂಥ ಮಡಿಕೆಯೊಳಗಿಂದ ಕಾಲು ಬಿಡಿಸಿಕೊಳ್ಳೋಕೆ ಒದ್ದಾಡಿದವನು ನಾನು, ಮರೆಯೋದಿಲ್ಲ. ದೊಡ್ಡ ಹೋಟೆಲುಗಳಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲು ಕಲಿಸೋದೇ ಅದನ್ನ." ಅವರು ಮಗಳ ಕಡೆ ತಿರುಗಿದರು. "ನೀನು ಬಟ್ಟೆ ಅಂಗಡಿಗೆ ಹೋಗ್ತಿಲ್ಲ, ಅಲ್ವೇನಮ್ಮ?"

ಮಗಳು ತಲೆ ಬಗ್ಗಿಸಲಿಲ್ಲ.

"ಇಲ್ಲ ಮಾಮ. ಎದುರಿಗೇ ಕೆಲಸ. ಅಮ್ಮಂಗೆ ಹೇಳೋಕೆ ಧೈರ್ಯ ಬರಲಿಲ್ಲ. ಕ್ಯಾಮೆರಾ ನನ್ನ ಟ್ರಂಕಿನಲ್ಲಿದೆ. ಅವರು ಹೊರಡೋ ಹೊತ್ತಿಗೆ ವಾಪಸ್ ಇಡ್ತಿದ್ದೆ."

"ಯಾಕೆ ತೆಗೆದೆ?"

"ಜನ ಬರೋದು ನಿಲ್ಲಲಿ ಅಂತ. ಅಮ್ಮ ಬಿಸಿನೀರಿನ ಬಕೆಟ್ಟು ಹೊತ್ಕೊಂಡು ಹೋಗ್ತಾ ಎರಡು ಸಲ ಮೆಟ್ಟಿಲಲ್ಲೇ ತಲೆಸುತ್ತಿ ಬಿದ್ದಿದ್ದಾಳೆ. ಹೃದಯ ಸೋತಿದೆ, ಮೆಟ್ಟಿಲು ಹತ್ತಬೇಡಿ ಅಂದ್ರು ಡಾಕ್ಟ್ರು. ಎಷ್ಟು ಸಲ ಬೇಡ್ಕೊಂಡೆ ಮಾಮ. ಮುಚ್ಚೋಣ ಅಂದಾಗೆಲ್ಲ ಒಂದೇ ಉತ್ತರ — ತಮ್ಮ ಬರ‍್ತಾನೆ, ಅವನು ಬೇರೆ ಕಡೆ ಮಲಗಲ್ಲ ಅಂತ."

ಗಾಳಿ ಚೆನ್ನಾಗಿದೆ ಎಂದು ಪ್ರತಿವರ್ಷ ಮೇಲಂತಸ್ತನ್ನೇ ಕೇಳಿ ಪಡೆಯುತ್ತಿದ್ದವರು ಇನ್ಸ್‌ಪೆಕ್ಟರೇ. ಆ ಬಿಸಿನೀರು ತಾನಾಗಿಯೇ ಮೇಲೆ ಬರುತ್ತದೆಂಬಂತೆ ಸ್ನಾನ ಮಾಡಿದ್ದರು. ಅವರಿಗೆ ತುಂಬ ನಾಚಿಕೆಯಾಯಿತು.

ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಟ್ರಂಕು ತೆಗೆದು ಕ್ಯಾಮೆರಾವನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಮಗಳು ಕೈಚಾಚಿದಾಗ, "ನೀನು ಬರಬೇಡ," ಎಂದು ಮೆಟ್ಟಿಲ ಕಂಬಿ ಹಿಡಿದು ತಾನೇ ಹತ್ತಿದಳು.

ಮೇಲಿನ ಮಾತು ಕೆಳಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ತಗೋಪ್ಪ. ಜೋಪಾನವಾಗಿರಲಿ ಅಂತ ನಾನೇ ತೆಗೆದಿಟ್ಟು ಮರೆತುಬಿಟ್ಟೆ. ಬುದ್ಧಿ ಸ್ಥಿಮಿತದಲ್ಲಿಲ್ಲ."

"ನೀವೇನಾ ಅಜ್ಜಿ?" ಅತಿಥಿಯ ದನಿ ಮೆತ್ತಗಾಗಿತ್ತು. "ನಿಮಗೆ ವಯಸ್ಸಾಯ್ತು. ಇನ್ನು ಇದನ್ನೆಲ್ಲ ನಿಲ್ಲಿಸಿಬಿಡಿ."

"ಹೌದಪ್ಪ. ನಿಲ್ಲಿಸ್ತೀನಿ."

ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಕ್ಕ ಏದುಸಿರು ಬಿಡುತ್ತ ಇಳಿದು ಬಂದು ಇನ್ಸ್‌ಪೆಕ್ಟರ ಪಕ್ಕದಲ್ಲಿ ಕೂತಳು.

"ಮುಂದಿನ ವರ್ಷ ಎದುರಿಗೇ ಇಳ್ಕೋ ತಮ್ಮಾ," ಎಂದಳು. "ಅಲ್ಲಿ ನನ್ನ ಮಗಳಿದ್ದಾಳೆ. ಚೆನ್ನಾಗಿ ನೋಡ್ಕೋತಾಳೆ."