ಭಾನುಪ್ರಿಯಳ ಬಜರ್

"ನಾನು ಬರ್ಕೊಡಲ್ಲ ಸಾರ್. ಏನ್ ಮಾಡ್ಕತೀರೋ ಮಾಡ್ಕಳಿ!"

ಸೋಮವಾರ ಬೆಳಿಗ್ಗೆ ನಮ್ಮ ಕೂಟಗಲ್ ಕಡೆಯ ಹೈಸ್ಕೂಲಿನ ಲ್ಯಾಬಿನಿಂದ ಹತ್ತನೇ ಕ್ಲಾಸಿನ ಭಾನುಪ್ರಿಯಳ ದನಿ ಅಡುಗೆಮನೆಗೇ ಕೇಳಿಸಿತು. ಯಾರೋ ಒದ್ದೆ ಮಾಡಿ ಎಸೆದಿದ್ದ ಖಾಲಿ ಗೋಣಿಚೀಲ ಹಿಡಿದು ನಾನು ಶಾಪ ಹಾಕುತ್ತಿದ್ದೆ. ನಾನು ಧನಲಕ್ಷ್ಮಿ, ಬಿಸಿಯೂಟದ ಮಾಯಮ್ಮಕ್ಕನ ಸಹಾಯಕಿ. ಶಾಲೆಯಲ್ಲಿ ಏನೇ ಕಳೆದರೂ, ಕೆಟ್ಟರೂ ಪತ್ತೆ ಮಾಡುವವಳು ಮಾಯಮ್ಮಕ್ಕನೇ. "ಬಾರೇ ಧನ, ನೋಡಾನ" ಎಂದು ಸೌಟು ಹಿಡಿದೇ ಹೊರಟಳು.

ರೇಷ್ಮೆ ಹುಳದ ಮನೆಯ ಬಿಸಿ ಇಪ್ಪತ್ತೆಂಟು ಡಿಗ್ರಿ ದಾಟಿದರೆ ಬಜರ್ ಕೂಗುವ ಯಂತ್ರವನ್ನು ಭಾನುಪ್ರಿಯ ತಾನೇ ವೈರ್ ಜೋಡಿಸಿ, ಪ್ರೋಗ್ರಾಂ ಬರೆದು ಮಾಡಿದ್ದಳು. ಶನಿವಾರ ಅದನ್ನು ಲ್ಯಾಬಿನ ಮೇಜಿನ ಮೇಲೆ ಚಾಲೂ ಮಾಡಿಟ್ಟು ಹೋಗಿದ್ದಳು. ಈಗ ಅದು ಸತ್ತುಬಿದ್ದಿತ್ತು. ರಾಮನಗರದ ವಿಜ್ಞಾನ ಪ್ರದರ್ಶನಕ್ಕೆ ಮಧ್ಯಾಹ್ನದೊಳಗೆ ಒಬ್ಬರ ಹೆಸರು ಕಳಿಸಬೇಕಿತ್ತು.

"ಇದು ಯಾವತ್ತೂ ಕೆಲಸ ಮಾಡಿಲ್ಲ. ಯಾರೋ ಮಾಡಿಕೊಟ್ಟಿದ್ದು ಅಂತ ಬರೆದುಕೊಡು, ಜಯಕುಮಾರ ಹೋಗಲಿ" ಎಂದರು ವಿಜ್ಞಾನದ ನರೇಂದ್ರ ಮೇಷ್ಟ್ರು. ನನಗೆ ಮೈಯೆಲ್ಲಾ ಉರಿದುಹೋಯಿತು. ಶನಿವಾರ ಲ್ಯಾಬಿನಿಂದ ಕೊನೆಗೆ ಹೊರಬಂದವನು ಅವಳ ಕ್ಲಾಸಿನ ಆ ಜಯಕುಮಾರನೇ; ನನ್ನ ಅನುಮಾನವೂ ಅವನ ಮೇಲೇ.

ಮಾಯಮ್ಮಕ್ಕ ಯಂತ್ರದ ಬೋರ್ಡಿನ ಮೇಲೂ ಮೇಜಿನ ಮೇಲೂ ಇದ್ದ ಬಿಳಿ ಕಲೆಗಳನ್ನು ಉಗುರಿನಿಂದ ಕೆರೆದಳು. ಮೇಜಿಗೆ ನೇರ ಮೇಲಿದ್ದ ಕಿಟಕಿ ಸರಳಿಗೆ ಸಿಕ್ಕಿದ್ದ ಕಂದು ನಾರೊಂದನ್ನು ಎಳೆದು ಸೆರಗಿಗೆ ಕಟ್ಟಿಕೊಂಡಳು. "ಭಾನ್ವಾರ ಬೀಗದ ಕೈ ಯಾರತ್ರ ಇತ್ತು?" ಎಂದಳು. ಕಾವಲಿನ ಸಿದ್ದಯ್ಯನ ಬಳಿ ಎಂದರು ಮೇಷ್ಟ್ರು.

ಊಟಕ್ಕೆ ಮುಂಚೆ ಮುಖ್ಯೋಪಾಧ್ಯಾಯಿನಿ ಪದ್ಮಶ್ರೀ ಮೇಡಂ ಎಲ್ಲರನ್ನೂ ಲ್ಯಾಬಿಗೆ ಕರೆಸಿದರು.

"ಈ ಕಲೆ ನಮ್ ಬೋರ್‌ವೆಲ್ ನೀರಿಂದು, ಒಣಗುದ್ರೆ ಹಿಂಗೇ ಬೆಳ್ಳಗಾಯ್ತದೆ" ಎಂದು ಮಾಯಮ್ಮಕ್ಕ ಶುರುಮಾಡಿದಳು. "ಈ ನಾರು ನಮ್ಮಡುಗೆಮನೆ ಗೋಣಿಚೀಲದ್ದು. ಕೆಡಸ್ಬೇಕು ಅನ್ನೋನು ಚೀಲ ನೆನೆಸಿ ಕಿಟಕಿಗೆ ಕಟ್ತಾನಾ? ಸೆಕೆ ಏರುದ್ರೆ ಹಂಗೆ ಮಾಡೋರು ಹುಳ ಸಾಕೋರು. ಜಯಕುಮಾರನ ಮನೇಲಿ ಹುಳ ಇಲ್ಲ, ಅವ್ರಪ್ಪ ಬಿಡದಿ ಫ್ಯಾಕ್ಟರೀಲವ್ರೆ. ಸಿದ್ದಯ್ಯಣ್ಣ, ಹುಳನೂ ನಿಮ್ಮನೇಲವೆ, ಬೀಗದ ಕೈನೂ ನಿನ್ನತ್ರ ಇತ್ತು. ನೀನೇ ಅಲ್ವಾ?"

"ಹೂಂ ಕಣವ್ವ" ಎಂದ ಸಿದ್ದಯ್ಯ, ಮುಚ್ಚುಮರೆಯಿಲ್ಲದೆ. "ನೆನ್ನೆ ಮಧ್ಯಾನ ಲ್ಯಾಬಿನ ಮೇಲಿನ ಶೀಟು ಕಾದು ಇದು ಒಂದೇ ಸಮ ಕೂಗ್ತಿತ್ತು. ಮನೇಲಿ ಮಾಡೋ ಹಂಗೆ ಚೀಲ ಕಟ್ದೆ. ಒಸಿ ಹೊತ್ಗೆ ಸುಮ್ಕಾಯ್ತು. ತಂಪಾಯ್ತು ಅಂದ್ಕಂಡು ಚೀಲ ಬಿಚ್ಕೊಂಡು ಹೋದೆ."

"ತಂಪಾಗಿದ್ದಲ್ಲಣ್ಣ, ನೀರು ತೊಟ್ಟಿಕ್ಕಿ ಸತ್ತೋಗಿದ್ದು." ಮಾಯಮ್ಮಕ್ಕ ಮೇಷ್ಟ್ರತ್ತ ತಿರುಗಿದಳು. "ಕೆಲ್ಸನೇ ಮಾಡಿಲ್ಲ ಅಂದ್ರಲ್ಲ? ಇದು ಕೂಗ್ದೇ ಇದ್ದಿದ್ರೆ ಇವ್ರು ಚೀಲ ಯಾಕ್ ಕಟ್ಟೋರು?"

ಸಿದ್ದಯ್ಯನ ಮುಖ ಇಳಿದುಹೋಯಿತು. ಮೇಷ್ಟ್ರು ಮಾತ್ರ ಬಗ್ಗಲಿಲ್ಲ. "ಕೂಗಿರಬಹುದು. ಇವಳೇ ಮಾಡಿದ್ದು ಅನ್ನೋದಕ್ಕೆ ಏನು ಗ್ಯಾರಂಟಿ?"

"ಇನ್ನೊಂದು ಬೋರ್ಡ್ ಕೊಡಿ ಸಾರ್, ನಿಮ್ ಕಣ್ಣೆದ್ರುಗೇ ಮಾಡ್ತೀನಿ" ಎಂದಳು ಭಾನುಪ್ರಿಯ.

ಮೇಡಂ ಬೀರುವಿನಿಂದ ತೆಗೆದುಕೊಟ್ಟರು. ಹುಡುಗಿ ಒಂದು ಚೀಟಿಯನ್ನೂ ನೋಡದೆ ವೈರ್ ಸಿಕ್ಕಿಸಿದಳು, ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಟೈಪ್ ಮಾಡಿದಳು. ನಾನು ಓಡಿಹೋಗಿ ಕುದಿಯುವ ಸಾರಿನ ಪಾತ್ರೆ ತಂದು ಪಕ್ಕದಲ್ಲಿಟ್ಟೆ. ಸ್ವಲ್ಪ ಹೊತ್ತಿಗೆ ಬಜರ್ ಕಿವಿ ಕಿತ್ತುಹೋಗುವಂತೆ ಕೂಗತೊಡಗಿತು. ಅಬ್ಬಾ, ಎಂಥ ಖುಷಿ ನನಗೆ!

"ನಿಲ್ಲಿಸಮ್ಮ!" ಮೇಷ್ಟ್ರು ಕಿವಿ ಮುಚ್ಚಿಕೊಂಡರು.

ಭಾನುಪ್ರಿಯ ಕೈಕಟ್ಟಿ ನಿಂತಳು. "ನನ್ ಹೆಸ್ರು ಬರೀರಿ ಸಾರ್, ನಿಲ್ಲಿಸ್ತೀನಿ."

ಅವರು ಪೆನ್ನು ತೆಗೆದರು. ಫಾರಂನಲ್ಲಿ 'ಭಾನು' ಎಂದಷ್ಟೇ ಬರೆದು ತಲೆಯೆತ್ತಿ ನೋಡಿದರು. ಬಜರ್ ಕೂಗುತ್ತಲೇ ಇತ್ತು.

"ಪೂರ್ತಿ ಬರೀರಿ" ಎಂದಳು.