ನೆವೆನಾ ಆರಿಸಿಕೊಂಡ ಗುರುವಾರ

ಅತ್ತೆಯನ್ನು ಚೆನ್ನಾಗಿ ನೋಡಿಕೊಂಡದ್ದೇ ನೆವೆನಾಳಿಗೆ ಮುಳುವಾಯಿತು. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ಸ್ಪಾಸ್ಕಾಳನ್ನು ಎತ್ತಿ, ಕೂರಿಸಿ, ತಿಕ್ಕಿ, ಬೈದು, ರಮಿಸಿ ಮತ್ತೆ ನಡೆಯುವ ಹಾಗೆ ಮಾಡಿದವಳು ಅವಳೇ. ಆ ಕೆಲಸಕ್ಕೆ ಪುರಸಭೆ ಸಂಬಳ ಕೊಡುತ್ತಿತ್ತು. ಮುದುಕಿಯನ್ನು ಸರ್ಕಾರಿ ವೃದ್ಧಾಶ್ರಮದಲ್ಲಿ ಸಾಕುವುದಕ್ಕಿಂತ ಸೊಸೆಗೆ ಸಂಬಳ ಕೊಟ್ಟು ಮನೆಯಲ್ಲೇ ಇರಿಸುವುದು ಮೇಲು ಎಂಬ ಲೆಕ್ಕಾಚಾರ. ಈಗ ತನಿಖೆಗೆ ಬರುತ್ತಾರಂತೆ. ಎದ್ದು ಓಡಾಡುವವರ ಆರೈಕೆಗೆ ಸಂಬಳವಿಲ್ಲ. ಒಲೆ ಹಚ್ಚಿ ಮರೆತುಬಿಡುವವರ ಬಗ್ಗೆ ನಿಯಮದಲ್ಲಿ ಒಂದು ಮಾತೂ ಇರಲಿಲ್ಲ.

ಸ್ಪಾಸ್ಕಾ ಮರೆಯುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಮನೆಗೆ ಬೆಂಕಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತ್ತು. ಸಂಬಳ ನಿಂತರೆ ನೆವೆನಾ ಇಟಲಿಗೆ ಹೋಗಬೇಕು, ಯಾರದೋ ಅತ್ತೆಯ ಬೆನ್ನು ತೊಳೆಯಲು. ಇವಳ ಅತ್ತೆ ವೃದ್ಧಾಶ್ರಮಕ್ಕೆ. ಆ ಆಶ್ರಮವನ್ನು ನೆವೆನಾ ನೋಡಿದ್ದಳು. ಯಾರೂ ತೆರೆಯದಿರಲಿ ಎಂದು ಅಲ್ಲಿ ಕಿಟಕಿಗಳ ಹಿಡಿಯನ್ನೇ ಕಿತ್ತಿದ್ದರು. ಸಾಯುವ ಮುಂಚೆ ಗಂಡ ಅವಳ ಕೈ ಹಿಡಿದು, “ಅಮ್ಮನ್ನ ಅಲ್ಲಿಗೆ ಮಾತ್ರ ಕಳಿಸ್ಬೇಡ ಕಣೆ” ಅಂದಿದ್ದ. ಅವನು ಹೋಗಿ ವರ್ಷ ತುಂಬಿ, ಈ ವಸಂತದಲ್ಲಷ್ಟೇ ಅವಳು ಕರಿ ಬಟ್ಟೆ ಬಿಟ್ಟಿದ್ದಳು. ಕೊಟ್ಟ ಮಾತನ್ನು ಬಿಡುವ ಹಾಗಿರಲಿಲ್ಲ.

ಹಾಗಾಗಿ ಮೋಸ ಮಾಡುವುದೆಂದು ತೀರ್ಮಾನಿಸಿದಳು. ಮೊದಲು ಅತ್ತೆಯನ್ನೇ ನೇರವಾಗಿ ಕೇಳಿ ನೋಡಿದಳು.

“ಅತ್ತೆ, ಪುರಸಭೆಯಿಂದ ಒಬ್ರು ಬರ್ತಾರೆ. ಅವ್ರು ಹೋಗೋವರ್ಗೂ ಸುಮ್ನೆ ಮಲಗಿರ್ತೀರಾ?”

“ಮನೆಗೆ ಬಂದೋರ ಮುಂದೆ ಕಾಲು ಚಾಚ್ಕೊಂಡು ಮಲಗೋದಾ? ಕಾಫಿ ಯಾರು ಕಾಸ್ತಾರೆ, ನಿಮ್ಮಪ್ಪನಾ?”

ಇವಳಿಂದ ನಾಟಕ ಆಗದು. ನಿದ್ದೆ ಮಾಡಿಸಬೇಕು. ಗಂಡ ಹೋದಾಗ ವೈದ್ಯರು ನೆವೆನಾಳಿಗೇ ಬರೆದುಕೊಟ್ಟಿದ್ದ ಮಾತ್ರೆಗಳು ಉಳಿದಿದ್ದವು. ಅರ್ಧ ಸಾಕು. ಅದನ್ನೂ ಮೊದಲು ತಾನೇ ನುಂಗಿ ನೋಡಿದಳು. ಒಂದು ಇಡೀ ಬೆಳಗ್ಗೆ ಕೊರಡಿನಂತೆ ಬಿದ್ದುಕೊಂಡಿದ್ದು, ಎದ್ದ ಮೇಲೆ ತಲೆನೋವೂ ಇಲ್ಲದ್ದನ್ನು ಕಂಡು ಸಮಾಧಾನಪಟ್ಟಳು.

ಉಳಿದದ್ದು ಅಕ್ಕಪಕ್ಕದವರು. ಎದುರುಮನೆಯ ವೆಲಿಕಾಳ ಬಾಯಿಗೆ ಬೀಗವಿಲ್ಲ. ಮಂಗಳವಾರವೋ ಗುರುವಾರವೋ ಎಂದು ಪುರಸಭೆಯಿಂದ ಫೋನಿನಲ್ಲಿ ಕೇಳಿದಾಗ ನೆವೆನಾ ತಡವರಿಸಲಿಲ್ಲ. ಗುರುವಾರ ಸಂತೆ, ಬೆಳಿಗ್ಗೆ ಬೀದಿಗೆ ಬೀದಿಯೇ ಖಾಲಿ. ತಾನೇ ಆರಿಸಿದ ದಿನ, ತಾನೇ ಹೇಳಿದ ಹೊತ್ತು. ಫೋನಿಟ್ಟವಳಿಗೆ ತನ್ನ ಜಾಣತನದ ಬಗ್ಗೆ ಹೆಮ್ಮೆಯೇ ಆಯಿತು.

ಹಿಂದಿನ ದಿನ ಊರುಗೋಲನ್ನು ನೆಲಮಾಳಿಗೆಯ ಎಲೆಕೋಸಿನ ಉಪ್ಪಿನಕಾಯಿ ಪೀಪಾಯಿಯ ಹಿಂದೆ ಇಟ್ಟಳು. ಅತ್ತೆಯ ಮಣ್ಣು ಮೆತ್ತಿದ ಬೂಟುಗಳೂ ಅಲ್ಲಿಗೇ ಹೋದವು. ಹಾಸಿಗೆಯ ಕೆಳಗೆ ಮಲದ ಬೋಗುಣಿ, ದಿಂಬಿನ ಪಕ್ಕ ಔಷಧಿಯ ಬಾಟಲಿಗಳು, ಕೋಣೆಗೆಲ್ಲ ಕರ್ಪೂರದ ವಾಸನೆ. ಗೇಟಿಗೆ ಮಾತ್ರ ಬೀಗ ಹಾಕಲಿಲ್ಲ. ಹಗಲಲ್ಲಿ ಗೇಟಿಗೆ ಬೀಗವಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ.

“ಮನೇಲಿ ಚೀಸ್ ಎಷ್ಟಿದೆ?” ಎಂದು ಸಂಜೆ ಸ್ಪಾಸ್ಕಾ ಕೇಳಿದಳು.

“ನಮ್ಮಿಬ್ರಿಗೆ ಸಾಕಾಗೋಷ್ಟಿದೆ.”

ಮುದುಕಿ ಏನೋ ಹೇಳಲು ಹೋಗಿ ತುಟಿ ಬಿಗಿದುಕೊಂಡಳು. ಮರುದಿನ ಬೆಳಿಗ್ಗೆ ಎದ್ದವಳೇ ನೀಲಿ ರವಿಕೆ ಬೇಕೆಂದು ಹಟ ಹಿಡಿದಳು. ತೇಪೆ ಹಾಕಿದ ನೈಟಿ ತೊಡಿಸಿಡಬೇಕೆಂದಿದ್ದ ನೆವೆನಾ, “ಆಮೇಲೆ ಕೊಡ್ತೀನಿ, ಮೊದ್ಲು ಚಹಾ ಕುಡೀರಿ” ಎಂದು ರವಿಕೆಯನ್ನು ಕುರ್ಚಿಯ ಮೇಲೆ ಹಾಕಿದಳು.

“ಇವತ್ತು ಜೇನು ಜಾಸ್ತಿ ಹಾಕಿದೀಯಲ್ಲೇ ಹುಡುಗಿ,” ಎಂದು ಸ್ಪಾಸ್ಕಾ ನಕ್ಕಳು. ಮುದುಕಿ ಲೋಟ ಪೂರ್ತಿ ಖಾಲಿ ಮಾಡಿದಳು.

ಪುರಸಭೆಯ ದೊಬ್ರೆವಾ ಹೇಳಿದ ಹೊತ್ತಿಗೆ ಬಂದಳು. ಸ್ಪಾಸ್ಕಾಳ ಕೈ ಎತ್ತಿ ಬಿಟ್ಟಳು. ಕೈ ದೊಪ್ಪನೆ ಬಿತ್ತು. ಹೆಸರು ಹಿಡಿದು ಕರೆದಳು, ಗೊರಕೆಯಷ್ಟೇ ಉತ್ತರ. ಎಲ್ಲ ಅಂದುಕೊಂಡ ಹಾಗೇ ನಡೆಯುತ್ತಿತ್ತು, ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ. ದೊಬ್ರೆವಾಳ ಕಣ್ಣು ಒದ್ದೆಯಾಗಿತ್ತು.

“ನಮ್ಮಮ್ಮನೂ ಹೀಗೇ ಇದ್ಲು. ನೋಡ್ಕೊಳ್ಳೋಕೆ ನಂಗಾಗ್ಲಿಲ್ಲಮ್ಮ. ನಿಮ್ಮ ಸಂಬಳಕ್ಕೆ ಏನೂ ತೊಂದ್ರೆ ಆಗ್ದೇ ಇರೋ ಹಾಗೆ ಬರೀತೀನಿ,” ಎಂದು ಅವಳು ಪೆನ್ನು ತೆಗೆದಳು. ನೆವೆನಾಳಿಗೆ ಅಳು ಬಂತು. ಇಷ್ಟು ದಿನಗಳಲ್ಲಿ ಅವಳ ಕಷ್ಟ ಕೇಳಿದವರೇ ಇರಲಿಲ್ಲ.

ಆಗ ಗೇಟು ಕಿರ್ರೆಂದಿತು. ಸಂತೆಯಲ್ಲಿರಬೇಕಾಗಿದ್ದ ವೆಲಿಕಾ ಹೂವಿನ ಕುಂಡ ಹಿಡಿದು ಒಳಗೆ ನುಗ್ಗಿದಳು. ಹಿಂದೆ ವೈನಿನ ಬಾಟಲಿ ಹಿಡಿದ ಪೆಂಚೊ ಮಾಮ, ಅವನ ಹಿಂದೆ ಇಡೀ ಬೀದಿ. “ಎಲ್ಲವ್ವಾ ನಮ್ಮ ಹಬ್ಬದ ರಾಣಿ? ಮೊನ್ನೆ ಹಾಲಿನ ಕ್ಯಾನ್ ಹಿಡ್ಕೊಂಡು ದಿಬ್ಬ ಹತ್ತೋವಾಗ ನನ್ನೇ ಹಿಂದೆ ಹಾಕಿ ಹೋದ್ಲಲ್ಲ!” ಎಂದು ವೆಲಿಕಾ ಕೂಗಿದಳು. ದೊಬ್ರೆವಾಳ ಪೆನ್ನು ನಿಂತಿತು. ನೆವೆನಾ ಕುರ್ಚಿಯ ಮೇಲಿನ ನೀಲಿ ರವಿಕೆಯನ್ನು ನೋಡಿದಳು. ಇವತ್ತು ಕ್ರಿಸ್ತ ಸ್ವರ್ಗಕ್ಕೇರಿದ ದಿನ. ರಕ್ಷಕ ಕ್ರಿಸ್ತನ ಹೆಸರು ಹೊತ್ತ ಸ್ಪಾಸ್ಕಾಗಳಿಗೆಲ್ಲ ಹೆಸರಹಬ್ಬ. ಹುಟ್ಟಿದಹಬ್ಬಕ್ಕೆ ಕರೆಯಬೇಕು, ಹೆಸರಹಬ್ಬಕ್ಕೆ ಊರೇ ಕರೆಯದೆ ಬರುತ್ತದೆ, ಸಂತೆಯನ್ನೂ ಬಿಟ್ಟು. ಒಂದು ವರ್ಷ ಲಕ್ವ, ಇನ್ನೊಂದು ವರ್ಷ ಸಾವಿನ ಮನೆ ಎಂದು ಯಾರೂ ಬಂದಿರಲಿಲ್ಲ. ಆ ಹಬ್ಬವೇ ನೆವೆನಾಳ ತಲೆಯಿಂದ ಹಾರಿಹೋಗಿತ್ತು. ತಾರೀಖು ಪ್ರತಿ ವರ್ಷ ಬದಲಾದರೂ ಅದು ಬೀಳುವುದು ಯಾವಾಗಲೂ ಗುರುವಾರ. ಒಲೆ ಮರೆಯುವ ಸ್ಪಾಸ್ಕಾ ಅದನ್ನು ಮರೆತಿರಲಿಲ್ಲ; ಸೊಸೆ ತಾನಾಗಿಯೇ ನೆನಪು ಮಾಡಿಕೊಳ್ಳಲಿ ಎಂದು ಹಿಂದಿನ ಸಂಜೆಯಿಂದಲೇ ಕಾದಿದ್ದಳು.